ಹಳೇ ಸ್ಪೋರ್ಟ್ಸ್ ಬೈಕ್ ತಿರುವಿನಲ್ಲಿ ತೂರಾಡುತ್ತಿದೆಯಾ? ಸಸ್ಪೆನ್ಷನ್ ಹೀಗೆ ಸರಿಮಾಡಿಕೊಳ್ಳಿ

ಹತ್ತು ಹದಿನೈದು ವರ್ಷದ ಸ್ಪೋರ್ಟ್ಸ್ ಬೈಕ್ ಕೊಳ್ಳುವಾಗ ಎಲ್ಲರೂ ಇಂಜಿನ್ ನೋಡುತ್ತಾರೆ. ಸದ್ದು ಹೇಗಿದೆ, ಹೊಗೆ ಬರುತ್ತಾ, ಪಿಕಪ್ ಇದೆಯಾ, ಇಷ್ಟೇ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಒಳಗಿನ ಆಯಿಲ್ ಕೊನೇ ಸಲ ಬದಲಾಯಿಸಿದ್ದು ಯಾವಾಗ ಅಂತ ಕೇಳುವವರು ತುಂಬಾ ಕಮ್ಮಿ. ಮನೆಗೆ ತಂದಮೇಲೆ ಒಂದೊಂದೇ ಗೊತ್ತಾಗುತ್ತದೆ. ಬನ್ನೂರು ರಸ್ತೆಯ ತಿರುವಿನಲ್ಲಿ ಗಾಡಿ ನಾವು ಹಿಡಿದ ಲೈನ್ ಬಿಟ್ಟು ಆಚೆಗೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಮೂತಿ ಕುಸಿಯುತ್ತದೆ, ಹಂಪ್ ದಾಟಿದಮೇಲೆ ಹಿಂಭಾಗ ಎರಡು ಮೂರು ಸಲ ಕುಣಿಯುತ್ತದೆ. ಆಗ ಎಲ್ಲರೂ ಹೇಳುವ ಮಾತು ಒಂದೇ, "ಹಳೇ ಗಾಡಿ, ಇಷ್ಟೇ ಬಿಡಿ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಫ್ರೇಮ್ ಬೆಂಡ್ ಆಗಿಲ್ಲ ಅಂದರೆ ಹಳೇ ಗಾಡಿಯೂ ನೇರವಾಗಿ, ನಂಬಿಕೆಯಿಂದ ತಿರುಗಬೇಕು. ತಿರುಗುತ್ತಿಲ್ಲ ಅಂದರೆ ಎಲ್ಲೋ ಏನೋ ಸವೆದಿದೆ, ಇಲ್ಲವೇ ಗಾಡಿಯ ಎತ್ತರ ನಿಮ್ಮ ತೂಕಕ್ಕೆ ಹೊಂದಿಲ್ಲ. ಎರಡನ್ನೂ ಒಂದು ಅಳತೆ ಟೇಪು, ಒಂದು ನೋಟ್‌ಬುಕ್, ಇಬ್ಬರು ಸ್ನೇಹಿತರು ಇದ್ದರೆ ಮನೆ ಮುಂದೆಯೇ ಕಂಡುಹಿಡಿಯಬಹುದು. ದುಬಾರಿ ಶಾಕ್ ಅಬ್ಸಾರ್ಬರ್ ಆರ್ಡರ್ ಮಾಡುವ ಮುಂಚೆ ಇದಿಷ್ಟನ್ನು ಮಾಡಿ ನೋಡಿ ಅನ್ನುವುದೇ ನನ್ನ ಕೋರಿಕೆ.

ಯಾವ ಗಾಡಿಗಳ ಬಗ್ಗೆ ಹೇಳುತ್ತಿದ್ದೇನೆ ಅಂದರೆ, 2003ರ ಕರಿಝ್ಮಾ, 2007ರಲ್ಲಿ ಬಂದ ಪಲ್ಸರ್ 220, 2008ರ ಆರ್15, 2009ರಲ್ಲಿ ಇಲ್ಲಿಗೆ ಬಂದ ನಿಂಜಾ 250ಆರ್, 2011ರ ಸಿಬಿಆರ್ 250ಆರ್, ಇಂಥವು. ಇವುಗಳಲ್ಲಿ ಯಾವುದರ ಮುಂದಿನ ಫೋರ್ಕ್‌ಗೂ ತಿರುಗಿಸುವ ಅಡ್ಜಸ್ಟರ್ ಇಲ್ಲ. ಹಿಂದೆ ಹೆಚ್ಚಿನವಕ್ಕೆ ಪ್ರೀಲೋಡ್ ಸ್ಟೆಪ್ (ಸ್ಪ್ರಿಂಗ್ ಮೊದಲೇ ಎಷ್ಟು ಒತ್ತಿರಬೇಕು ಅಂತ ಹೊಂದಿಸುವ ಮೆಟ್ಟಿಲು) ಮಾತ್ರ ಇದೆ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಆಯಿಲ್, ಆಯಿಲ್ ಮಟ್ಟ, ಸ್ಪೇಸರ್ (ಫೋರ್ಕ್ ಸ್ಪ್ರಿಂಗ್ ಮೇಲೆ ಕೂರುವ ಕೊಳವೆ ತುಂಡು), ಫೋರ್ಕ್ ಎತ್ತರ, ಈ ನಾಲ್ಕು ನಿಮ್ಮ ಕೈಯಲ್ಲೇ ಇವೆ.

ಮೈಸೂರಿನವರಿಗೆ ಇನ್ನೊಂದು ಅನುಕೂಲ ಇದೆ. 1996ರಲ್ಲಿ ಮುಚ್ಚುವವರೆಗೂ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಇದ್ದದ್ದು ಇಲ್ಲೇ, ಯಾದವಗಿರಿಯಲ್ಲಿ. ಹಳೇ ಗಾಡಿ ಬಿಚ್ಚಿ ಜೋಡಿಸುವ ಅಭ್ಯಾಸ ಊರಿಗೆ ಹೊಸದಲ್ಲ. ಬುಷ್ (ಉಜ್ಜಿ ಆಡುವ ಭಾಗಗಳ ನಡುವಿನ ಬಳೆ) ಬೇಕೆಂದರೆ ಅಳತೆ ನೋಡಿ ಲೇತ್‌ನಲ್ಲಿ ಮಾಡಿಕೊಡುವವರು ಸಿಗುತ್ತಾರೆ, ಸ್ವಲ್ಪ ಹುಡುಕಬೇಕು ಅಷ್ಟೇ.

ಮೊದಲು ಸವೆದದ್ದನ್ನು ಸರಿಮಾಡಿ

ಸೆಟ್ಟಿಂಗ್‌ಗೆ ಕೈ ಹಾಕುವ ಮುಂಚೆ ಟೈರ್ ನೋಡಿ. ಪಕ್ಕದಲ್ಲಿ 4 ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಶೆಡ್‌ನಲ್ಲೇ ನಿಂತಿದ್ದ ಗಾಡಿಗಳ ಟೈರ್ ನೋಡಲು ಹೊಸದರ ಹಾಗೇ ಇರುತ್ತದೆ, ಪಟ್ಟೆ ಆಳವಾಗಿರುತ್ತದೆ, ಆದರೆ ಉಗುರು ಒತ್ತಿದರೆ ಗುರುತೇ ಬೀಳುವುದಿಲ್ಲ. ರಬ್ಬರ್ ಅಷ್ಟು ಗಟ್ಟಿಯಾಗಿರುತ್ತದೆ. ಆರು ವರ್ಷ ದಾಟಿದ ಟೈರ್ ಮೇಲೆ ಸಸ್ಪೆನ್ಷನ್ ಸೆಟ್ ಮಾಡುವುದು ಸುಮ್ನೆ ಕಾಲಹರಣ, ಮೊದಲು ಅದನ್ನು ಬದಲಾಯಿಸಿ. ದಿನಾ ನೇರ ರಸ್ತೆಯಲ್ಲೇ ಓಡಿಸಿದ ಟೈರ್ ನಡುವೆ ಚಪ್ಪಟೆಯಾಗಿರುತ್ತದೆ. ಅಂಥ ಗಾಡಿ ವಾಲಿಸುವಾಗ ಮೊದಲು ಬಗ್ಗುವುದಿಲ್ಲ, ಆಮೇಲೆ ಒಮ್ಮೆಲೇ ಬೀಳುತ್ತದೆ. ಇದನ್ನು ಎಷ್ಟೋ ಜನ ಫೋರ್ಕ್ ತೊಂದರೆ ಅಂದುಕೊಳ್ಳುತ್ತಾರೆ.

ಟೈರ್ ಅಳತೆಯನ್ನೂ ನೋಡಿ. ನೋಡಲು ಚೆನ್ನಾಗಿರಲಿ ಅಂತ ಹಿಂದಿನ ಮಾಲೀಕರು ಅಗಲದ ಟೈರ್ ಹಾಕಿಸಿರುವುದು ಬಹಳ ಸಾಮಾನ್ಯ. ನಿಂಜಾ 250ಆರ್‌ಗೆ ಕಂಪನಿ ಕೊಟ್ಟದ್ದು ಮುಂದೆ 110/70-17, ಹಿಂದೆ 130/70-17. ಅದೇ ರಿಮ್‌ಗೆ 150ರ ಟೈರ್ ತುರುಕಿದರೆ ಟೈರಿನ ಆಕಾರವೇ ಕೆಟ್ಟುಹೋಗುತ್ತದೆ, ಗಾಡಿ ತಿರುಗಲು ಹಟ ಮಾಡುತ್ತದೆ. ಮೂಲ ಅಳತೆಗೆ ವಾಪಸ್ ಬನ್ನಿ. ಗಾಳಿಯನ್ನು ಟೈರ್ ತಣ್ಣಗಿರುವಾಗ, ನಿಮ್ಮದೇ ಗೇಜ್‌ನಲ್ಲಿ ನೋಡಿ. ಬಂಕ್‌ನ ಗೇಜ್ ಎರಡು ಮೂರು ಪಿಎಸ್‌ಐ ಆಚೀಚೆ ತೋರಿಸಿದರೆ ಅಷ್ಟಕ್ಕೇ ಗಾಡಿಯ ನಡತೆ ಬೇರೆ ಆಗುತ್ತದೆ.

ಆಮೇಲೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್. ಮುಂದಿನ ಚಕ್ರ ನೆಲ ಬಿಟ್ಟು ನಿಲ್ಲುವ ಹಾಗೆ ಗಾಡಿ ಎತ್ತಿ. ಸೈಲೆನ್ಸರ್‌ಗೋ ರೇಡಿಯೇಟರ್‌ಗೋ ಜಾಕ್ ಕೊಡಬೇಡಿ. ಹಿಂದೆ ಪ್ಯಾಡಕ್ ಸ್ಟಾಂಡ್ ಹಾಕಿ, ಮುಂದಿನ ಭಾಗವನ್ನು ಕಾರ್ ಶೆಡ್‌ನ ಗಟ್ಟಿ ತೊಲೆಯಿಂದ ಹಗ್ಗದಲ್ಲಿ ತೂಗುಹಾಕಿದರೂ ನಡೆಯುತ್ತದೆ, ಆದರೆ ಹಗ್ಗ ಫ್ರೇಮ್‌ಗೆ ಸುತ್ತಬೇಕು, ಹ್ಯಾಂಡಲ್‌ಗೆ ಅಲ್ಲ. ಈಗ ಫೋರ್ಕ್‌ನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಅಂತ ಬಂದರೆ ಲೂಸ್. ಹ್ಯಾಂಡಲ್ ಅನ್ನು ಒಂದು ಬೆರಳಲ್ಲಿ ನಿಧಾನಕ್ಕೆ ಆ ಕಡೆ ಈ ಕಡೆ ತಿರುಗಿಸಿ. ನಟ್ಟ ನಡುವೆ, ನೇರ ಇರುವ ಕಡೆ, ಗುಳಿಗೆ ಬಿದ್ದ ಹಾಗೆ ತಡೆದರೆ ಕೋನ್‌ಸೆಟ್ ಹೋಗಿದೆ. ಬಿಚ್ಚಿ ನೋಡಿದರೆ ಬಾಲ್ ಓಡುವ ದಾರಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ, ಒಂದೊಂದು ಬಾಲ್ ಕೂತ ಜಾಗದಲ್ಲಿ ಒಂದೊಂದು. ಬೆರಳಾಡಿಸಿದರೆ ಸಾಕು, ಗೊತ್ತಾಗುತ್ತದೆ. ಇದನ್ನು ಗ್ರೀಸ್ ಹಾಕಿ ಮತ್ತೆ ಕೂರಿಸಿದರೆ ಪ್ರಯೋಜನ ಇಲ್ಲ, ಸೆಟ್ ಪೂರ್ತಿ ಬದಲಾಗಬೇಕು. ಹೊಸದು ಹಾಕಿದಮೇಲೆ ಜಾಸ್ತಿ ಬಿಗಿ ಮಾಡುವುದೂ ತಪ್ಪು. ಬಿಗಿ ಜಾಸ್ತಿಯಾದರೆ ನಿಧಾನಕ್ಕೆ ಹೋಗುವಾಗ ಗಾಡಿ ತಾನಾಗಿ ನೇರ ಆಗುವುದಿಲ್ಲ, ಹಾವಿನ ಹಾಗೆ ಆ ಕಡೆ ಈ ಕಡೆ ಹೋಗುತ್ತದೆ. ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಒಂದು ಕಡೆ ಹೊರಳಬೇಕು, ಅಲುಗಾಟ ಮಾತ್ರ ಇರಬಾರದು. ಆ ಹದಕ್ಕೆ ನಿಲ್ಲಿಸಿ.

ಹಿಂದೆ ಬನ್ನಿ. ಚಕ್ರವನ್ನು ಪಕ್ಕಕ್ಕೆ ಎಳೆದು ತಳ್ಳಿ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್‌ನ ಬುಷ್‌ನಲ್ಲಿ ಅಲುಗಾಟ ಇದೆಯಾ ನೋಡಿ. ಮೋನೋಶಾಕ್ (ಹಿಂದೆ ನಡುವೆ ಒಂದೇ ಶಾಕ್ ಇರುವ) ಗಾಡಿಯಾದರೆ ಸೀಟಿನ ಬಾಲ ಹಿಡಿದು ಸ್ವಲ್ಪವೇ ಮೇಲೆತ್ತಿ. ಚಕ್ರ ಏಳುವ ಮುಂಚೆ ಕಟ್ ಅಂತ ಒಂದು ಸಣ್ಣ ಸದ್ದು ಬಂದರೆ ಶಾಕ್ ಅನ್ನು ಸ್ವಿಂಗ್ ಆರ್ಮ್‌ಗೆ ಜೋಡಿಸುವ ಲಿಂಕೇಜ್‌ನ ಬೇರಿಂಗ್ ಸವೆದಿದೆ. ವಾಟರ್ ಸರ್ವಿಸ್‌ನಲ್ಲಿ ಜೋರಾಗಿ ನೀರು ಹೊಡೆಸಿದ ಗಾಡಿಗಳಲ್ಲಿ ಈ ಬೇರಿಂಗ್‌ಗಳ ಗ್ರೀಸ್ ಪೂರ್ತಿ ತೊಳೆದುಹೋಗಿ ಸೂಜಿಗಳು ತುಕ್ಕು ಹಿಡಿದಿರುತ್ತವೆ. ತೆಗೆದು, ತೊಳೆದು, ಸರಿ ಇದ್ದರೆ ಗ್ರೀಸ್ ತುಂಬಿ ಹಾಕಿ. ಅಷ್ಟರಿಂದಲೇ ಹಿಂಭಾಗ ಮೆತ್ತಗಾಗಿದ್ದನ್ನು ನೋಡಿದ್ದೇನೆ.

ಎರಡು ಚಕ್ರ ಒಂದೇ ಸಾಲಿನಲ್ಲಿವೆಯಾ ಅಂತಲೂ ನೋಡಬೇಕು. ಚೈನ್ ಅಡ್ಜಸ್ಟರ್ ಪಕ್ಕದ ಗೀಟುಗಳನ್ನೇ ನಂಬಬೇಡಿ. ಗಾರೆ ಕೆಲಸದವರು ಬಳಸುವ ದಾರ ತನ್ನಿ. ಹಿಂದಿನ ಟೈರಿನ ಹಿಂಬದಿಯಿಂದ ಸುತ್ತಿ, ನೆಲದಿಂದ ಒಂದಡಿ ಎತ್ತರದಲ್ಲಿ ಎರಡೂ ಪಕ್ಕದಿಂದ ಮುಂದಕ್ಕೆ ಎಳೆದು ಬಿಗಿಯಾಗಿ ಕಟ್ಟಿ. ದಾರ ಹಿಂದಿನ ಟೈರಿನ ಮುಂಭಾಗದ ಅಂಚನ್ನು ಆಗಷ್ಟೇ ಮುಟ್ಟುತ್ತಿರಬೇಕು. ಮುಂದಿನ ಟೈರ್ ಸಣ್ಣದು, ಹಾಗಾಗಿ ಅಲ್ಲಿ ಎರಡೂ ಕಡೆ ಸಂದು ಉಳಿಯುತ್ತದೆ. ಹ್ಯಾಂಡಲ್ ನೇರ ಇಟ್ಟು ಆ ಸಂದುಗಳನ್ನು ಅಳೆಯಿರಿ. ಎರಡೂ ಸಮ ಇದ್ದರೆ ಸರಿ. ಇಲ್ಲದಿದ್ದರೆ ಹಿಂದಿನ ಆಕ್ಸಲ್ ಸರಿಸಿ ಸಮ ಮಾಡಿ.

ಫೋರ್ಕ್ ಬಿಚ್ಚುವುದು

ಇದು ಇಡೀ ಕೆಲಸದ ಮುಖ್ಯ ಭಾಗ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಳೇ ಫೋರ್ಕ್‌ನಿಂದ ಆಯಿಲ್ ಬಗ್ಗಿಸಿದಾಗ ಏನು ಬರುತ್ತದೆ ಅಂತ ಒಮ್ಮೆ ನೀವೇ ನೋಡಬೇಕು. ಹೊಸ ಆಯಿಲ್ ತಿಳಿಯಾಗಿರುತ್ತದೆ. ಹಳೆಯದು ಬೂದು ಬಣ್ಣಕ್ಕೆ ತಿರುಗಿ, ತಳದಲ್ಲಿ ಅಲ್ಯೂಮಿನಿಯಂ ಪುಡಿಯ ಮಿಂಚು ಇಟ್ಟುಕೊಂಡು, ಕೆಟ್ಟ ವಾಸನೆ ಹೊಡೆಯುತ್ತಾ, ನೀರಿನ ಹಾಗೆ ಇಳಿಯುತ್ತದೆ. ಅದು ಫೋರ್ಕ್ ಅನ್ನು ತಡೆದು ಹಿಡಿಯಲು ಹೇಗೆ ಸಾಧ್ಯ? ಎರಡು ವರ್ಷಕ್ಕೆ ಒಮ್ಮೆ ಬದಲಾಯಿಸಬೇಕಾದ ಆಯಿಲ್ ಎಷ್ಟೋ ಗಾಡಿಗಳಲ್ಲಿ ಶೋರೂಮ್‌ನಿಂದ ಬಂದದ್ದೇ ಇರುತ್ತದೆ.

ಕೆಲಸದ ಕ್ರಮ ಹೀಗೆ. ಫೇರಿಂಗ್ ಅಡ್ಡ ಬಂದರೆ ತೆಗೆಯಿರಿ. ಎರಡು ಫೋರ್ಕ್ ಪೈಪ್‌ಗಳನ್ನು ಹಿಡಿದಿರುವ ಪಟ್ಟಿಗಳಿಗೆ ಟಿ ಅನ್ನುತ್ತಾರೆ, ಮೇಲೊಂದು ಕೆಳಗೊಂದು ಇರುತ್ತದೆ. ಮೇಲಿನ ಟಿ ಬೋಲ್ಟ್ ಸಡಿಲಿಸಿ, ಫೋರ್ಕ್ ಇನ್ನೂ ಗಾಡಿಯಲ್ಲೇ ಕೆಳಗಿನ ಟಿ ಹಿಡಿತದಲ್ಲಿ ಇರುವಾಗಲೇ ಮೇಲಿನ ಕ್ಯಾಪ್ ಅನ್ನು ಒಂದು ಸುತ್ತು ಲೂಸ್ ಮಾಡಿಕೊಳ್ಳಿ. ಆಚೆ ತೆಗೆದಮೇಲೆ ಹಿಡಿತ ಸಿಗುವುದಿಲ್ಲ. ಆಮೇಲೆ ಬ್ರೇಕ್ ಕ್ಯಾಲಿಪರ್, ಚಕ್ರ, ಮಡ್‌ಗಾರ್ಡ್ ತೆಗೆಯಿರಿ. ಕ್ಯಾಲಿಪರ್ ಅನ್ನು ಬ್ರೇಕ್ ಹೋಸ್‌ನಲ್ಲೇ ನೇತುಬಿಡಬೇಡಿ, ತಂತಿಯಲ್ಲಿ ಫ್ರೇಮ್‌ಗೆ ಕಟ್ಟಿ. ಕೆಳಗಿನ ಟಿ ಸಡಿಲಿಸುವ ಮುಂಚೆ ಫೋರ್ಕ್ ಪೈಪ್ ಟಿ ಮೇಲೆ ಎಷ್ಟು ಎದ್ದಿದೆ ಅಂತ ಅಳೆದು ಬರೆದುಕೊಳ್ಳಿ. ಈ ಅಳತೆ ಮುಂದೆ ಬೇಕು.

ಕ್ಯಾಪ್ ಪೂರ್ತಿ ತೆಗೆಯುವಾಗ ಒಳಗೆ ಸ್ಪ್ರಿಂಗ್ ಒತ್ತಡದಲ್ಲಿ ಇರುತ್ತದೆ. ಮುಖ ಅದರ ನೇರಕ್ಕೆ ಇಡಬೇಡಿ, ಅಂಗೈ ಒತ್ತಿಕೊಂಡೇ ತಿರುಗಿಸಿ. ಸ್ಪೇಸರ್, ವಾಷರ್, ಸ್ಪ್ರಿಂಗ್ ಹೊರಬಂದ ಕ್ರಮದಲ್ಲೇ ಬಟ್ಟೆ ಮೇಲೆ ಜೋಡಿಸಿಡಿ. ಫೋರ್ಕ್ ತಲೆಕೆಳಗು ಮಾಡಿ, ಪಂಪ್ ಮಾಡುತ್ತಾ ಆಯಿಲ್ ಬಗ್ಗಿಸಿ. ಒಳಗೆ ಸ್ವಲ್ಪ ಹೊಸ ಆಯಿಲ್ ಹಾಕಿ ಇನ್ನೊಮ್ಮೆ ಪಂಪ್ ಮಾಡಿ ಚೆಲ್ಲಿದರೆ ಉಳಿದ ಕೊಳೆಯೂ ಹೋಗುತ್ತದೆ.

ಈಗ ಪೈಪ್ ನೋಡಿ. ಗಾಜಿನ ಮೇಲೆ ಉರುಳಿಸಿದರೆ ಬೆಂಡ್ ಇದ್ದದ್ದು ತಕ್ಷಣ ಕಾಣುತ್ತದೆ. ಕ್ರೋಮ್ ಮೇಲೆ ಉಗುರು ಎಳೆಯಿರಿ. ಸಣ್ಣ ತುಕ್ಕಿನ ಚುಕ್ಕೆ ಸಿಕ್ಕರೆ ಅತಿ ನುಣುಪಿನ ಎಮರಿ ಪೇಪರ್‌ನಲ್ಲಿ ಏಣು ತೆಗೆಯಬಹುದು. ಆಳದ ಗುಳಿ ಇದ್ದರೆ ಹೊಸ ಸೀಲ್ ಹಾಕಿದರೂ ಮತ್ತೆ ಹರಿಯುತ್ತದೆ, ಪೈಪೇ ಬದಲಾಗಬೇಕು. ಬುಷ್ ಇರುವ ಫೋರ್ಕ್ ಆದರೆ ಬುಷ್‌ನ ಬೂದು ಲೇಪ ಹೋಗಿ ತಾಮ್ರದ ಬಣ್ಣ ಕಾಣುತ್ತಿದೆಯಾ ನೋಡಿ. ಕಂಡರೆ ಅದರ ಆಯಸ್ಸು ಮುಗಿದಿದೆ. ಒಂದು ಸಣ್ಣ ಉಪಾಯವನ್ನೂ ಹೇಳುತ್ತೇನೆ. ಸೀಲ್ ಈಚೆಗಷ್ಟೇ ಜಿನುಗಲು ಶುರುಮಾಡಿದ್ದರೆ ಹಳೇ ಎಕ್ಸ್‌ರೇ ಫಿಲ್ಮ್ ತುಂಡನ್ನು ಕೊಕ್ಕೆ ಆಕಾರಕ್ಕೆ ಕತ್ತರಿಸಿ, ಸೀಲ್ ಮತ್ತು ಪೈಪ್ ನಡುವೆ ಮೆಲ್ಲಗೆ ಸುತ್ತ ಆಡಿಸಿ. ಸಿಕ್ಕಿಕೊಂಡ ಮರಳು ಹೊರಗೆ ಬಂದರೆ ಎಷ್ಟೋ ಸಲ ಲೀಕ್ ನಿಂತುಬಿಡುತ್ತದೆ. ಗದ್ದೆ ಬದಿಯ ಕೆಸರು ರಸ್ತೆಗಳಲ್ಲಿ ಓಡುವ ಮಂಡ್ಯದ ಗಾಡಿಗಳಿಗೆ ಇದು ಆಗಾಗ ಬೇಕಾಗುತ್ತದೆ.

ಆಯಿಲ್ ವಿಷಯಕ್ಕೆ ಬರೋಣ. ದಯವಿಟ್ಟು ಇಂಜಿನ್ ಆಯಿಲ್ ಹಾಕಿಸಬೇಡಿ. "20-40 ಹಾಕಿದರೆ ಗಟ್ಟಿ ಆಗುತ್ತೆ" ಅಂತ ಹೇಳುವವರು ಈಗಲೂ ಇದ್ದಾರೆ. ಈ ಸಾದಾ ಫೋರ್ಕ್‌ಗಳ ಒಳಗೆ ಆಯಿಲ್ ಹಾದುಹೋಗುವುದು ಕೆಲವೇ ತೂತುಗಳಲ್ಲಿ. ನಿಧಾನವಾಗಿ ಒತ್ತಿದಾಗ ದಪ್ಪ ಆಯಿಲ್ ಚೆನ್ನಾಗಿದೆ ಅನ್ನಿಸುತ್ತದೆ, ಆದರೆ ಚೂಪು ಗುಂಡಿಗೋ ಹಂಪ್‌ಗೋ ಚಕ್ರ ಜೋರಾಗಿ ಹೊಡೆದಾಗ ಅಷ್ಟು ಆಯಿಲ್ ಆ ತೂತುಗಳಲ್ಲಿ ನುಗ್ಗಲಾರದೆ ಫೋರ್ಕ್ ಲಾಕ್ ಆದ ಹಾಗೆ ಆಗುತ್ತದೆ, ಪೆಟ್ಟು ನೇರ ಮಣಿಕಟ್ಟಿಗೆ ಬರುತ್ತದೆ. ಮ್ಯಾನ್ಯುಯಲ್‌ನಲ್ಲಿ 10ಡಬ್ಲ್ಯೂ (ಇದು ಆಯಿಲ್ ದಪ್ಪದ ಅಂಕಿ) ಅಂತಿದ್ದರೆ ಮೊದಲು ಅದನ್ನೇ ಹಾಕಿ. ನಿಮ್ಮ ತೂಕ ಜಾಸ್ತಿ ಇದ್ದು ಆಮೇಲೂ ತೇಲಾಡುತ್ತಿದೆ ಅನ್ನಿಸಿದರೆ 15ಡಬ್ಲ್ಯೂ, ಇಲ್ಲವೇ ಅದೇ ಕಂಪನಿಯ ಎರಡನ್ನೂ ಬೆರೆಸಿ. ಒಂದು ಕಂಪನಿಯ 10 ಇನ್ನೊಂದು ಕಂಪನಿಯ 10ಕ್ಕೆ ಸಮ ಇರುವುದಿಲ್ಲ, ಹಾಗಾಗಿ ಬ್ರ್ಯಾಂಡ್ ಬದಲಾಯಿಸುತ್ತಾ ಹೋಗಬೇಡಿ.

ಆಯಿಲ್ ಅನ್ನು ಎಂಎಲ್ ಲೆಕ್ಕದಲ್ಲಿ ಸುರಿದು ಬಿಡುವುದಕ್ಕಿಂತ ಮಟ್ಟ ಅಳೆಯುವುದು ಸರಿಯಾದ ದಾರಿ. ಆಯಿಲ್ ಹಾಕಿ, ಗಾಳಿ ಗುಳ್ಳೆ ಹೋಗುವವರೆಗೆ ನಿಧಾನಕ್ಕೆ ಪಂಪ್ ಮಾಡಿ, ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ. ಸ್ಪ್ರಿಂಗ್ ಇಲ್ಲದೆ, ಫೋರ್ಕ್ ಪೂರ್ತಿ ಒಳಗೆ ಒತ್ತಿ, ಪೈಪ್‌ನ ಬಾಯಿಂದ ಆಯಿಲ್ ಮೇಲ್ಮೈವರೆಗೆ ಎಷ್ಟು ಮಿ.ಮೀ. ಅಂತ ನೋಡಬೇಕು. ಇದಕ್ಕೆ ಮೆಡಿಕಲ್ ಶಾಪ್‌ನಿಂದ 50 ಎಂಎಲ್ ಸಿರಿಂಜ್ ತನ್ನಿ. ಅದಕ್ಕೆ ಸಣ್ಣ ಟ್ಯೂಬ್ ಸಿಕ್ಕಿಸಿ, ಬೇಕಾದ ಆಳಕ್ಕೆ ಟ್ಯೂಬ್ ಮೇಲೆ ಗುರುತು ಹಾಕಿ, ಗುರುತು ಪೈಪ್ ಬಾಯಿಗೆ ಬರುವ ಹಾಗೆ ಇಳಿಬಿಟ್ಟು ಎಳೆಯಿರಿ. ಹೆಚ್ಚಾಗಿದ್ದ ಆಯಿಲ್ ಎಲ್ಲ ಬಂದು, ಕೊನೆಗೆ ಗಾಳಿ ಎಳೆಯಲು ಶುರುವಾದಾಗ ಮಟ್ಟ ಸರಿಯಾಗಿದೆ ಅಂತ ಅರ್ಥ. ಫೋರ್ಕ್‌ನ ಎರಡೂ ಕಾಲಿನಲ್ಲಿ ಮಟ್ಟ ಒಂದೇ ಇರಬೇಕು. ಒಳಗೆ ಉಳಿದ ಗಾಳಿಯೂ ಸ್ಪ್ರಿಂಗ್ ಥರವೇ ಕೆಲಸ ಮಾಡುತ್ತದೆ. ಬ್ರೇಕ್ ಹಿಡಿದಾಗ ಫೋರ್ಕ್ ತಳ ಮುಟ್ಟುತ್ತಿದ್ದರೆ ಮಟ್ಟವನ್ನು 5 ಮಿ.ಮೀ. ಏರಿಸಿ ನೋಡಿ. ಆಗ ಗಾಳಿಗೆ ಜಾಗ ಕಮ್ಮಿಯಾಗಿ ಕೊನೆಯ ಭಾಗದಲ್ಲಿ ಮಾತ್ರ ಫೋರ್ಕ್ ಗಟ್ಟಿಯಾಗುತ್ತದೆ.

ಮತ್ತೆ ಜೋಡಿಸುವಾಗ ಆಕ್ಸಲ್ ಬಿಗಿ ಮಾಡಿ, ಆದರೆ ಆಕ್ಸಲ್ ಹಿಡಿಯುವ ಕೆಳಗಿನ ಪಿಂಚ್ ಬೋಲ್ಟ್ ಬಿಗಿಸುವ ಮುಂಚೆ ಗಾಡಿ ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಅನ್ನು ನಾಲ್ಕೈದು ಸಲ ಜೋರಾಗಿ ಒತ್ತಿ. ಎರಡು ಕಾಲುಗಳು ತಮ್ಮ ಸಾಲಿಗೆ ತಾವೇ ಬಂದು ಕೂರುತ್ತವೆ. ಹೀಗೆ ಮಾಡದಿದ್ದರೆ ಒಂದಕ್ಕೊಂದು ಒತ್ತಿಕೊಂಡು ಫೋರ್ಕ್ ಹಿಡಿದ ಹಾಗೆ ಆಡುತ್ತದೆ. ಟಿ ಅಲ್ಯೂಮಿನಿಯಂ ಆದ್ದರಿಂದ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ, ಮ್ಯಾನ್ಯುಯಲ್‌ನ ಅಂಕಿಗೆ ಮಾತ್ರ ಬಿಗಿಸಿ. ಕ್ಯಾಲಿಪರ್ ಹಾಕಿದಮೇಲೆ, ಹೊರಡುವ ಮುಂಚೆ, ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತರೆ ಮೊದಲ ಬ್ರೇಕ್‌ಗೆ ಲಿವರ್ ಪೂರ್ತಿ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಸ್ಯಾಗ್ ಅಳೆಯುವುದು

ನೀವು ಕೂತಾಗ ಗಾಡಿ ಎಷ್ಟು ಇಳಿಯುತ್ತದೆ ಅನ್ನುವುದೇ ಸ್ಯಾಗ್. ಅದು ಕಮ್ಮಿಯಾದರೆ ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯಲು ಜಾಗ ಇರುವುದಿಲ್ಲ. ಜಾಸ್ತಿಯಾದರೆ ಹಂಪ್ ಬಂದಾಗ ಮೇಲೇರಲು ಜಾಗ ಇರುವುದಿಲ್ಲ. ಒಟ್ಟು ಆಟದ, ಅಂದರೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ದೂರದ, ಸುಮಾರು ಮೂರನೇ ಒಂದು ಭಾಗ ಇಳಿಯಬೇಕು. ನಿಂಜಾ 250ಆರ್ ಮುಂದೆ 120 ಮಿ.ಮೀ., ಹಿಂದೆ ಚಕ್ರದ ಹತ್ತಿರ 130 ಮಿ.ಮೀ. ಆಡುತ್ತದೆ. ಹಾಗಾಗಿ ನಮ್ಮ ರಸ್ತೆಗೆ ಮುಂದೆ 35ರಿಂದ 40, ಹಿಂದೆ 30ರಿಂದ 40 ಮಿ.ಮೀ. ಇಟ್ಟುಕೊಂಡರೆ ಚೆನ್ನಾಗಿರುತ್ತದೆ.

ಮುಂದಿನ ಚಕ್ರ ಗಾಳಿಯಲ್ಲಿ ಇದ್ದಾಗ, ಫೋರ್ಕ್ ಪೂರ್ತಿ ಉದ್ದ ಆಗಿರುವಾಗ, ಡಸ್ಟ್ ಸೀಲ್‌ನಿಂದ ಕೆಳಗಿನ ಟಿವರೆಗೆ ಅಳೆಯಿರಿ. ಅದು 140 ಅಂದುಕೊಳ್ಳಿ. ಈಗ ಗಾಡಿ ನೆಲಕ್ಕಿಳಿಸಿ, ಹೆಲ್ಮೆಟ್ ಜಾಕೆಟ್ ಎಲ್ಲ ಹಾಕಿಕೊಂಡು ಓಡಿಸುವ ಭಂಗಿಯಲ್ಲೇ ಕೂತು, ಕಾಲು ಫುಟ್‌ರೆಸ್ಟ್ ಮೇಲೆ ಇಡಿ. ಒಬ್ಬರು ಹಿಂದಿನಿಂದ ಗಾಡಿ ಹಿಡಿದಿರಲಿ. ಇನ್ನೊಬ್ಬರು ಮುಂಭಾಗವನ್ನು ಕೆಳಗೆ ಒತ್ತಿ, ನಿಧಾನಕ್ಕೆ ಮೇಲೇಳಲು ಬಿಟ್ಟು ಅಳೆಯಲಿ. 92 ಬಂತು ಅಂದುಕೊಳ್ಳಿ. ಈಗ ಮೇಲೆತ್ತಿ ನಿಧಾನಕ್ಕೆ ಇಳಿಯಬಿಟ್ಟು ಅಳೆಯಲಿ, 98 ಬಂತು. ಇವೆರಡರ ಸರಾಸರಿ 95. 140ರಲ್ಲಿ 95 ಕಳೆದರೆ 45, ಇದೇ ನಿಮ್ಮ ಸ್ಯಾಗ್. 92ಕ್ಕೂ 98ಕ್ಕೂ ಇರುವ 6 ಮಿ.ಮೀ. ಅಂತರ ಫೋರ್ಕ್ ಒಳಗಿನ ಉಜ್ಜಾಟದ್ದು. ಈ ಅಂತರ ತುಂಬಾ ದೊಡ್ಡದಿದ್ದರೆ ಬುಷ್, ಸೀಲ್ ಅಥವಾ ಫೋರ್ಕ್ ಸಾಲು ಇನ್ನೂ ಸರಿಯಾಗಿಲ್ಲ, ಹಿಂದಕ್ಕೆ ಹೋಗಿ ನೋಡಿ.

45 ಜಾಸ್ತಿಯಾಯಿತು. ಅಡ್ಜಸ್ಟರ್ ಇಲ್ಲ. ಏನು ಮಾಡುವುದು? ಸ್ಪ್ರಿಂಗ್ ಮೇಲಿನ ಸ್ಪೇಸರ್ ಅನ್ನು 8 ಮಿ.ಮೀ. ಉದ್ದ ಮಾಡಿದರೆ ಸ್ಯಾಗ್ ಹೆಚ್ಚೂಕಡಿಮೆ ಅಷ್ಟೇ ಇಳಿದು 37ಕ್ಕೆ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ದಪ್ಪ ಗೋಡೆಯ ಪಿವಿಸಿ ಪೈಪ್ ಸಿಗುತ್ತದೆ, ಫೋರ್ಕ್ ಒಳಗೆ ಸಲೀಸಾಗಿ ಇಳಿಯುವ ಅಳತೆಯದು ತಂದು, ಎರಡೂ ತುದಿ ಒಂದಿಷ್ಟೂ ಓರೆ ಇಲ್ಲದ ಹಾಗೆ ಕತ್ತರಿಸಿ, ತುದಿಗಳಿಗೆ ಸ್ಟೀಲ್ ವಾಷರ್ ಕೊಡಿ. ಸ್ಪ್ರಿಂಗ್ ನೇರ ಪಿವಿಸಿ ಮೇಲೆ ಕೂತರೆ ಅದನ್ನು ಕೊರೆದುಹಾಕುತ್ತದೆ.

ಹಿಂದೆಯೂ ಇದೇ ಲೆಕ್ಕ. ಆಕ್ಸಲ್‌ನಿಂದ ನೇರ ಮೇಲೆ ಬಾಲದ ಪ್ಯಾನೆಲ್ ಮೇಲೆ ಸಣ್ಣ ಟೇಪ್ ತುಂಡು ಅಂಟಿಸಿ, ಅಲ್ಲಿಂದ ಅಳೆಯಿರಿ. ಸಿ ಸ್ಪ್ಯಾನರ್‌ನಲ್ಲಿ ಸ್ಟೆಪ್ ತಿರುಗಿಸಿ ಹದಕ್ಕೆ ತನ್ನಿ.

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ. ಇಲ್ಲ. ಸ್ಪ್ರಿಂಗ್ ಇದ್ದ ಹಾಗೇ ಇರುತ್ತದೆ, ಗಾಡಿ ನಿಲ್ಲುವ ಎತ್ತರ ಮಾತ್ರ ಏರುತ್ತದೆ. ಸ್ಪ್ರಿಂಗ್ ನಿಮಗೆ ಸರಿಯಾ ಅಂತ ತಿಳಿಯಲು ಇನ್ನೊಂದು ಪರೀಕ್ಷೆ ಇದೆ. ನೀವು ಕೂತಾಗಿನ ಸ್ಯಾಗ್ ಸರಿ ಮಾಡಿದಮೇಲೆ ಇಳಿದುಬಿಡಿ, ಬರೀ ಗಾಡಿ ಎಷ್ಟು ಕೂರುತ್ತದೆ ನೋಡಿ. ಹಿಂದೆ 5ರಿಂದ 10 ಮಿ.ಮೀ. ಕೂರಬೇಕು. ಒಂದಿಷ್ಟೂ ಕೂರದೆ ಮೇಲೇ ನಿಂತರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆದುವಾಯಿತು. ತುಂಬಾ ಕೂತರೆ ಸ್ಪ್ರಿಂಗ್ ಗಟ್ಟಿ. ಸ್ಪ್ರಿಂಗ್ ಬದಲಾಯಿಸಲು ದುಡ್ಡು ಹಾಕುವುದಾದರೆ ಈ ಪರೀಕ್ಷೆ ಆದಮೇಲೆ ಹಾಕಿ, ಅದು ಸಾರ್ಥಕ.

ಡ್ಯಾಂಪಿಂಗ್

ಸ್ಪ್ರಿಂಗ್‌ನ ಕುಣಿತವನ್ನು ತಡೆದು ಹಿಡಿಯುವುದೇ ಡ್ಯಾಂಪಿಂಗ್. ಗಾಡಿಯ ಪಕ್ಕ ನಿಂತು ಹಿಂದಿನ ಸೀಟನ್ನು ಜೋರಾಗಿ ಒತ್ತಿ ಕೈ ಬಿಡಿ. ಒಂದೇ ಸಲ ಮೇಲೆ ಬಂದು ನಿಲ್ಲಬೇಕು. ಮತ್ತೆ ಇಳಿದು ಏರಿದರೆ ರಿಬೌಂಡ್ (ಮೇಲೇಳುವಾಗಿನ ತಡೆ) ಕಮ್ಮಿ, ಅಂದರೆ ಶಾಕ್ ಮುಗಿದಿದೆ. ಶಾಕ್‌ನ ರಾಡ್ ಮೇಲೆ ಎಣ್ಣೆ ಪಸೆ ಇದ್ದರೂ ಅಷ್ಟೇ. ಒಳಗೆ ಜೋರು ಒತ್ತಡದ ಗ್ಯಾಸ್ ಇರುವ ಶಾಕ್‌ಗಳನ್ನು ಮನೆಯಲ್ಲಿ ಬಿಚ್ಚಲೇಬೇಡಿ, ಅಪಾಯ. ಬೇರೆ ಗಾಡಿಯ ಶಾಕ್ ಹಾಕಿಸುವುದಾದರೆ ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ ಮೂಲದ್ದಕ್ಕೆ ಸಮ ಇರಲೇಬೇಕು. 10 ಮಿ.ಮೀ. ಗಿಡ್ಡ ಆದರೂ ಲಿಂಕೇಜ್‌ನಿಂದಾಗಿ ಹಿಂಭಾಗ ಅದಕ್ಕಿಂತ ಜಾಸ್ತಿ ಕುಸಿಯುತ್ತದೆ. ಆಗ ಗಾಡಿ ತಿರುವಿನಲ್ಲಿ ಆಚೆಗೆ ಓಡುತ್ತದೆ.

ಹೊರದೇಶದಿಂದ ಬಂದ ಹಳೇ 600 ಸಿಸಿ ಗಾಡಿಗಳಂತೆ ರಿಬೌಂಡ್, ಕಂಪ್ರೆಷನ್ (ಒತ್ತಿಕೊಳ್ಳುವಾಗಿನ ತಡೆ) ಸ್ಕ್ರೂ ಇರುವಂಥದ್ದಾದರೆ ಮೊದಲು ಬಲಕ್ಕೆ ಮೆಲ್ಲಗೆ ಪೂರ್ತಿ ಮುಚ್ಚಿ, ಎಷ್ಟು ಕ್ಲಿಕ್ ಆಯಿತು ಅಂತ ಎಣಿಸಿ ಬರೆದಿಡಿ. ಆಮೇಲೆ ಮ್ಯಾನ್ಯುಯಲ್ ಹೇಳುವ ಅಂಕಿಗೆ ಬಿಚ್ಚಿ. ಅಲ್ಲಿಂದ ಒಂದು ಸಲಕ್ಕೆ ಎರಡು ಕ್ಲಿಕ್, ಅದೂ ಒಂದೇ ಸ್ಕ್ರೂ. ಎರಡು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ರಿಬೌಂಡ್ ಜಾಸ್ತಿಯಾಗುವುದೂ ಕಾಯಿಲೆಯೇ. ಸಾಲು ಹಂಪ್ ಮೇಲೆ ಹೋಗುವಾಗ ಮೊದಲನೆಯದಕ್ಕೆ ಮೆತ್ತಗಿದ್ದು ನಾಲ್ಕನೆಯ ಹೊತ್ತಿಗೆ ಕಲ್ಲಿನ ಹಾಗೆ ಆದರೆ ಇದೇ ಕಾರಣ. ಒಂದು ಪೆಟ್ಟಿನಿಂದ ಚೇತರಿಸಿ ಮೇಲೆ ಬರುವ ಮುಂಚೆಯೇ ಇನ್ನೊಂದು ಪೆಟ್ಟು ಬಿದ್ದು, ಸಸ್ಪೆನ್ಷನ್ ಕೆಳಗೇ ಉಳಿದುಬಿಡುತ್ತದೆ. ಗಟ್ಟಿಯಾಗಿದೆ ಅಂತ ಕಂಪ್ರೆಷನ್ ಕಮ್ಮಿ ಮಾಡಿದರೆ ಇದು ಸರಿಹೋಗುವುದಿಲ್ಲ. ರಿಬೌಂಡ್ ಬಿಚ್ಚಬೇಕು, ಸಾದಾ ಫೋರ್ಕ್ ಆದರೆ ಆಯಿಲ್ ತೆಳು ಮಾಡಬೇಕು.

ಓಡಿಸಿ ನೋಡುವುದು

ಫೋರ್ಕ್ ಪೈಪ್‌ಗೆ ಒಂದು ಕೇಬಲ್ ಟೈ ಸುತ್ತಿ ಸೀಲ್ ಹತ್ತಿರ ಇಳಿಸಿಡಿ. ಓಡಿಸಿ ಬಂದಮೇಲೆ ಅದು ಎಲ್ಲಿ ನಿಂತಿದೆಯೋ ಅಷ್ಟು ಆಟ ಬಳಕೆಯಾಗಿದೆ. ಜೋರು ಬ್ರೇಕ್ ಹಿಡಿದಮೇಲೂ ತಳ ಮುಟ್ಟಲು 10ರಿಂದ 15 ಮಿ.ಮೀ. ಉಳಿದಿರಬೇಕು. ಗಡುಸಾಗಿದೆ ಅನ್ನಿಸುವ ಗಾಡಿಯಲ್ಲಿ ಟೈ ತುತ್ತತುದಿಗೆ ಹೋಗಿದ್ದರೆ ಅದು ಗಡುಸಲ್ಲ, ತೀರಾ ಮೆದುವಾಗಿ ತಳ ಬಡಿಯುತ್ತಿದೆ. ಕೈಗೆ ಎರಡೂ ಒಂದೇ ಥರ ಅನ್ನಿಸುತ್ತವೆ, ಕೇಬಲ್ ಟೈ ಮಾತ್ರ ನಿಜ ಹೇಳುತ್ತದೆ.

ಪ್ರತೀ ಸಲ ಅದೇ ರಸ್ತೆ, ಅದೇ ವೇಗ. ಒಂದು ಹಂಪ್, ಒಂದು ಕಿತ್ತುಹೋದ ತುಂಡು, ಒಂದು ಉದ್ದ ತಿರುವು ಇದ್ದರೆ ಸಾಕು. ಗಂಟೆಗೆ 60 ಕಿ.ಮೀ. ವೇಗದಲ್ಲೇ ಎಲ್ಲ ಗೊತ್ತಾಗುತ್ತದೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗೆ ಪ್ರವೇಶ ಇಲ್ಲ, ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಚಾಮುಂಡಿ ಬೆಟ್ಟದ ತಿರುವುಗಳು ಕರೆಯುತ್ತವೆ, ನನಗೂ ಗೊತ್ತು. ಆದರೆ ಬೆಳಗಿನ ಹೊತ್ತು ಅಲ್ಲಿ ನಡೆಯುವವರು, ಭಕ್ತರು, ಬಸ್‌ಗಳು ತುಂಬಿರುತ್ತವೆ. ಇನ್ನೂ ನಂಬಿಕೆ ಬಾರದ ಗಾಡಿಯನ್ನು ಅಲ್ಲಿಗೆ ಒಯ್ಯಬೇಡಿ. ಮಂಡ್ಯ ಕಡೆಯ ನಾಲೆ ಏರಿ ರಸ್ತೆಯೂ ಬೇಡ, ಎಷ್ಟೋ ಕಡೆ ತಡೆಗೋಡೆ ಇಲ್ಲ. ಸುಗ್ಗಿ ಕಾಲದಲ್ಲಿ ರಸ್ತೆ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡಿರುತ್ತಾರೆ. ಒಣ ಹುರುಳಿ ಮೇಲೆ ಎಂಥ ಸಸ್ಪೆನ್ಷನ್ನೂ ಟೈರ್ ಹಿಡಿಸಲಾರದು. ಹೊರಡುವ ಮುಂಚೆ ಆ ರಸ್ತೆಯಲ್ಲಿ ಒಮ್ಮೆ ನಿಧಾನಕ್ಕೆ ಹೋಗಿ ಬಂದು ನೋಡಿಕೊಳ್ಳಿ.

ಎಲ್ಲ ಆದಮೇಲೂ ಗಾಡಿ ತಿರುಗಲು ಸೋಮಾರಿ ಅನ್ನಿಸಿದರೆ, ಆಗ ಮಾತ್ರ ಎತ್ತರಕ್ಕೆ ಕೈ ಹಾಕಿ. ಮೊದಲು ಬರೆದಿಟ್ಟ ಅಳತೆ ನೋಡಿಕೊಂಡು ಫೋರ್ಕ್ ಪೈಪನ್ನು ಟಿ ಒಳಗೆ 3ರಿಂದ 5 ಮಿ.ಮೀ. ಮೇಲಕ್ಕೆ ಸರಿಸಿ, ಎರಡೂ ಕಡೆ ಸಮ. ಮುಂಭಾಗ ಇಳಿದು ಗಾಡಿ ಚುರುಕಾಗುತ್ತದೆ. ಫೋರ್ಕ್ ಪೂರ್ತಿ ಒತ್ತಿದಾಗ ಮಡ್‌ಗಾರ್ಡ್ ರೇಡಿಯೇಟರ್‌ಗೋ ಫೇರಿಂಗ್‌ಗೋ ತಾಗುತ್ತಾ ಅಂತ ನೋಡಲೇಬೇಕು. ನೇರ ರಸ್ತೆಯಲ್ಲಿ ಹ್ಯಾಂಡಲ್ ನಡುಗಲು ಶುರುವಾದರೆ ಜಾಸ್ತಿಯಾಯಿತು, 2 ಮಿ.ಮೀ. ವಾಪಸ್ ಇಳಿಸಿ.

ನೋಟ್‌ಬುಕ್‌ನಲ್ಲಿ ತಾರೀಕು, ಗಾಳಿ, ಸ್ಟೆಪ್, ಸ್ಯಾಗ್, ಟೈ ನಿಂತ ಜಾಗ, ಗಾಡಿ ಹೇಗಿತ್ತು ಅನ್ನುವ ಒಂದು ಸಾಲು, ಇಷ್ಟು ಪ್ರತೀ ಸಲ ಬರೆಯಿರಿ. ಹೊಸ ಕೋನ್‌ಸೆಟ್ ಹಾಕಿದ್ದರೆ 500 ಕಿ.ಮೀ. ಆದಮೇಲೆ ಒಮ್ಮೆ ಬಿಗಿ ನೋಡಿ, ಬಾಲ್‌ಗಳು ಕೂತಮೇಲೆ ಸ್ವಲ್ಪ ಸಡಿಲ ಆಗುವುದು ಸಹಜ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಮೇಲುಕೋಟೆಗೋ ನಂಜನಗೂಡಿಗೋ ಹೊರಟರೆ ಹಿಂದಿನ ಪ್ರೀಲೋಡ್ ಎರಡು ಸ್ಟೆಪ್ ಏರಿಸಿ, ಬಂದಮೇಲೆ ಇಳಿಸಿ. ಕೊನೆಯದಾಗಿ ಹೆಡ್‌ಲೈಟ್. ಗಾಡಿಯ ಎತ್ತರ ಬದಲಾಗಿದೆ, ಬೆಳಕಿನ ದಿಕ್ಕೂ ಬದಲಾಗಿರುತ್ತದೆ. ಸಂಜೆ ಗೋಡೆಯಿಂದ ಐದು ಮೀಟರ್ ದೂರದಲ್ಲಿ ನಿಲ್ಲಿಸಿ, ನೀವೇ ಮೇಲೆ ಕೂತು, ಲೋ ಬೀಮ್‌ನ ಮೇಲಂಚು ಹೆಡ್‌ಲೈಟ್‌ನ ಮಧ್ಯದ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬೀಳುವ ಹಾಗೆ ಸ್ಕ್ರೂ ತಿರುಗಿಸಿ.